ಬರಿ ಹಸೆಗೆ ಸೋಬಾನೆ ಹೇಳಂಗಿಲ್ಲ

ಹೆಣ್ಣು ನೋಡಿ ಹೋದ ಗುಂಡ್ಲುಪೇಟೆಯವರು ಒಪ್ಪಿಬಿಟ್ಟರೆ ಏನು ಗತಿ ಎಂಬುದು ರಂಜಿನಿಯ ಚಿಂತೆ. ಒಪ್ಪದೆ ಹೋದರೆ ಏನು ಗತಿ ಎಂಬುದು ಮನೆಯ ಉಳಿದವರ ಚಿಂತೆ. ಒಂದೇ ಸೂರಿನ ಕೆಳಗೆ ಈ ಎರಡು ಚಿಂತೆಗಳು ಮುಖಾಮುಖಿಯಾಗದಂತೆ ಅವಳು ತನ್ನದನ್ನು ಡೈರಿಯೊಳಗೆ ಮಲಗಿಸಿದ್ದಳು. ‘ನಾನು ಹೋದರೆ ಅಜ್ಜಿ ಉಣ್ಣುವುದಿಲ್ಲ. ಇದನ್ನು ಯಾರಿಗಾದರೂ ಹೇಳಬೇಕು’ ಎಂದು ಆ ದಿನ ಬೆಳಿಗ್ಗೆ ಬರೆದಳು. ‘ಹೇಳಬೇಕು’ ಎನ್ನುವುದರ ಕೆಳಗೆ ಗೆರೆ ಎಳೆದಳು. ಗೆರೆ ಎಳೆದದ್ದರಿಂದಲೇ ಅರ್ಧ ಹೇಳಿದಷ್ಟು ಸಮಾಧಾನವಾಗಿ ಹಲ್ಲುಜ್ಜಲು ಎದ್ದು ಹೋದಳು.

ಅಜ್ಜಿ ಮಲ್ಲಿಗಮ್ಮನಿಗೆ ಮರೆವು ಶುರುವಾಗಿ ಕೆಲವು ವರ್ಷಗಳಾಗಿದ್ದವು. ಮೊದಲು ಎಲೆಅಡಿಕೆ ಚೀಲ ಎಲ್ಲಿಟ್ಟೆ ಎಂಬುದು ಹೋಯಿತು. ಆಮೇಲೆ ಚಾಮರಾಜನಗರದ ಈ ಮನೆ ಯಾರದು ಎಂಬುದು ಹೋಯಿತು. ಮಗ ಮಹದೇವಸ್ವಾಮಿಯನ್ನು ‘ಸಾಹೇಬ್ರೇ’ ಎಂದು ಕರೆಯತೊಡಗಿದಳು. ಕಚೇರಿಯಲ್ಲಿ ಯಾರೂ ಹಾಗೆ ಕರೆಯದ ಗುಮಾಸ್ತನಾದ್ದರಿಂದ ಅವನಿಗೆ ದುಃಖದ ಜೊತೆಗೆ ಸ್ವಲ್ಪ ನಾಚಿಕೆಯೂ ಆಗುತ್ತಿತ್ತು. ಕೊನೆಗೆ ತುತ್ತು ಬಂದಾಗ ಬಾಯಿ ತೆರೆಯಬೇಕು ಎಂಬುದೂ ಮರೆತುಹೋಯಿತು. ಸೊಸೆ ನೀಲಾವತಿ ತುತ್ತು ಹಿಡಿದು ಕೂತರೆ ಅಜ್ಜಿಯ ತುಟಿಗಳು ಸಂತೆ ಮುಗಿದ ಮೇಲಿನ ಅಂಗಡಿ ಬಾಗಿಲಿನಂತೆ ಮುಚ್ಚಿಕೊಳ್ಳುತ್ತಿದ್ದವು.

ಆ ಬಾಗಿಲಿನ ಕೀಲಿಕೈ ರಂಜಿನಿಗೆ ಸಿಕ್ಕಿದ್ದು ಆಕಸ್ಮಿಕವಾಗಿ. ಒಮ್ಮೆ ಒಳಕೋಣೆಯಲ್ಲಿ ತುತ್ತು ಹಿಡಿದು ಸೋತು, ಬೇಸರಕ್ಕೆ ಬಾಯಿಗೆ ಬಂದದ್ದನ್ನು ಗುನುಗಿಕೊಂಡಳು. ಬಾಯಿಗೆ ಬಂದದ್ದು ಒಂದು ಸೋಬಾನೆ ಪದ, ಅಜ್ಜಿಯದೇ. ಅಜ್ಜಿ ತವರೂರು ಕುದೇರಿನಲ್ಲಿ ಮದುವೆಗಳಿಗೆ ಸೋಬಾನೆ ಹೇಳುತ್ತಿದ್ದವಳು. ಅಜ್ಜ ತೀರಿಕೊಂಡ ಮೇಲೆ ಶುಭಕಾರ್ಯಕ್ಕೆ ಯಾರೂ ಅವಳನ್ನು ಕರೆಯಲಿಲ್ಲ. ಅವಳು ಅಕ್ಕಿ ಆರಿಸುತ್ತ ಮೊರಕ್ಕೆ ಹೇಳಿಕೊಂಡಳು. ಮೊರದ ಪಕ್ಕದಲ್ಲಿ ಆಡುತ್ತಿದ್ದ ರಂಜಿನಿಗೆ ಅದು ಅಂಟಿಕೊಂಡಿತ್ತು. ಈಗ ಆ ಪದ ಕೇಳಿ ಅಜ್ಜಿಯ ಬಾಯಿ ತೆರೆಯಿತು. ತುತ್ತು ಒಳಗೆ ಹೋಯಿತು. ಪದ ನಿಂತಾಗ ಬಾಯಿ ಮುಚ್ಚಿತು.

ಅಂದಿನಿಂದ ಅಜ್ಜಿಗೆ ಉಣಿಸುವ ಕೆಲಸ ರಂಜಿನಿಯದಾಯಿತು. ಬಾಗಿಲು ಹಾಕಿಕೊಂಡು, ಫ್ಯಾನನ್ನು ಜೋರು ಮಾಡಿಕೊಂಡು ಹಾಡುತ್ತಿದ್ದಳು. ಬಿ.ಎ. ಮುಗಿಸಿದ್ದರೂ ಅಂಗಡಿಗೆ ಹೋಗಿ ಚಿಲ್ಲರೆ ಕೇಳಲು ಹಿಂಜರಿಯುವ ಹುಡುಗಿ. ಮನೆಯವರ ಎದುರು ಹಾಡುವುದಕ್ಕಿಂತ ಕಾಡಿಗೆ ಹೋಗಿ ಆನೆಯ ಎದುರು ಹಾಡುವುದು ಅವಳಿಗೆ ಸುಲಭ. ಅಜ್ಜಿ ಉಣ್ಣತೊಡಗಿದ್ದಕ್ಕೆ ಅಪ್ಪ ಮಾತ್ರೆಯನ್ನು ಹೊಗಳಿದ, ಅಮ್ಮ ಮಾದಪ್ಪನ ವಿಭೂತಿಯನ್ನು ಹೊಗಳಿದಳು. ಎದುರುಮನೆ ಮೂಗಮ್ಮ ತಾನು ಕಟ್ಟಿಸಿದ ತಾಯಿತವನ್ನು ಹೊಗಳಿದಳು. ರಂಜಿನಿ ಮೂವರಿಗೂ ತಲೆಯಾಡಿಸಿದಳು.

ಹೀಗಿರುವಾಗ ಹೋದ ತಿಂಗಳು ಗುಂಡ್ಲುಪೇಟೆಯಿಂದ ಸೋಮೇಶ್ ಎಂಬ ಹುಡುಗನಿಗೆ ಹೆಣ್ಣು ನೋಡಲು ಬಂದರು. ಸಂಬಂಧ ತಂದವಳು ಮೂಗಮ್ಮನೇ. ಹುಡುಗನ ತಾಯಿಯ ಹೆಸರು ಕುಮಾರಿ. ಅವಳು ರಂಜಿನಿಯ ಓದನ್ನು ಕೇಳಲಿಲ್ಲ, ಅಡುಗೆಯನ್ನೂ ಕೇಳಲಿಲ್ಲ. ಒಂದೇ ಮಾತು ಕೇಳಿದಳು: “ಹಾಡು ಬತ್ತದಾ?” ರಂಜಿನಿ ನೆಲ ನೋಡಿಕೊಂಡು ಇಲ್ಲ ಎಂದಳು. ಈ ಕಾಲದಲ್ಲೂ ಹಾಡು ಕೇಳುತ್ತಾರಲ್ಲ ಎಂದು ನೀಲಾವತಿ ಆಮೇಲೆ ನಕ್ಕಳು. ಹೋಗಿ ತಿಳಿಸುತ್ತೇವೆ ಎಂದವರು ಇನ್ನೂ ತಿಳಿಸಿರಲಿಲ್ಲ.

ಇವತ್ತೋ ನಾಳೆಯೋ ತಿಳಿಸಿಬಿಟ್ಟರೆ? ರಂಜಿನಿ ಒಂದು ಉಪಾಯ ಹೂಡಿದ್ದಳು. ಮರೆವಿನವರಿಗೆ ಪರಿಚಯದ ಹಾಡುಗಳನ್ನು ಎದುರಿಗೆ ಕೂತು ಹಾಡಬೇಕು, ಹಾಡುವವರ ಮುಖ, ಕೈತಾಳ ಕಾಣಬೇಕು, ಮೊಬೈಲಿನಲ್ಲಿ ಹಾಕಿದರೆ ಅಷ್ಟು ಸಾಲದು ಎಂದು ಆಸ್ಪತ್ರೆಯ ಡಾಕ್ಟರಮ್ಮ ಒಮ್ಮೆ ಹೇಳಿದ್ದರು. ಮೊಬೈಲನ್ನು ಅವಳು ಆಗಲೇ ಪರೀಕ್ಷಿಸಿ ನೋಡಿದ್ದಳು. ಅಜ್ಜಿ ಅದನ್ನು ತಿರುಗಿಸಿ, ಬೆನ್ನು ತಟ್ಟಿ, “ಪಾಪ, ಒಳಗ ಸಿಕ್ಕಾಕ್ಕಂಡವ್ಳೆ, ಬುಡ್ಸಮ್ಮಿ” ಎಂದು ಕಣ್ಣೀರು ಹಾಕಿದ್ದಳು. ಹಾಗಾಗಿ ಕುದೇರಿನ ಪುಟ್ಟಮಾದಮ್ಮನ ಸೋಬಾನೆ ತಂಡಕ್ಕೆ ಫೋನು ಹೋಯಿತು. ಅದೇ ಊರು, ಅದೇ ಪದಗಳು. ಅವರ ಹಾಡಿಗೆ ಅಜ್ಜಿ ಬಾಯಿ ತೆರೆದರೆ ವಾರಕ್ಕೊಮ್ಮೆ ಬಂದು ಅಮ್ಮನಿಗೂ ನಾಲ್ಕು ಪದ ಕಲಿಸಿಕೊಟ್ಟಾರು. ಆಮೇಲೆ ತಾನು ಗುಂಡ್ಲುಪೇಟೆಗಾದರೂ ಹೋಗಬಹುದು, ಎಲ್ಲಿಗಾದರೂ ಹೋಗಬಹುದು.

ಅಮ್ಮನಿಗೆ ವಿಷಯ ತಿಳಿಸಿದಳು. ಆದರೆ ಮಿಕ್ಸಿ ತಿರುಗುತ್ತಿದ್ದಾಗ ತಿಳಿಸಿದಳು. ಹೇಳಿದ ಹಾಗೂ ಆಯಿತು, ಕೇಳಿಸದ ಹಾಗೂ ಆಯಿತು. ನೀಲಾವತಿ ಚಟ್ನಿ ರುಬ್ಬಿ ಮುಗಿಸಿ, ತಿಂಡಿ ಬಡಿಸಿ, ಸ್ತ್ರೀಶಕ್ತಿ ಸಂಘದ ಸಭೆಗೆ ಹೊರಟುಹೋದಳು.

ಅವಳು ಬೀದಿ ತಿರುಗುವುದೇ ತಡ, ಆಟೊ ಬಂದು ನಿಂತಿತು. ಪುಟ್ಟಮಾದಮ್ಮನೂ ಅವಳ ಸಂಗಡಿಗರೂ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಇಳಿದರು. ಮಲ್ಲಿಗಮ್ಮ ನಡುಮನೆಯ ಗೋಡೆಗೊರಗಿ ಕೂತಿದ್ದಳು. ಬಂದವರನ್ನು ನೋಡಿ, ಬಸ್ ಸ್ಟ್ಯಾಂಡಿನಲ್ಲಿ ಕೂತವರು ಬೇರೆ ಊರಿನ ಬಸ್ಸನ್ನು ನೋಡುವಂತೆ ನೋಡಿ ಮುಖ ತಿರುಗಿಸಿದಳು.

ಪುಟ್ಟಮಾದಮ್ಮ ಚಾಪೆ ಮೇಲೆ ಕೂತು ಮದುಮಗಳೆಲ್ಲಿ ಎಂದು ಕೇಳಿದಳು. ಮದುವೆ ಇಲ್ಲ, ಅಜ್ಜಿಗೆ ಕೇಳಿಸಲಿಕ್ಕೆ ಎಂದು ರಂಜಿನಿ ತನ್ನ ಕಾಲ್ಬೆರಳಿಗೆ ಹೇಳಿದಳು. ಹೆಂಗಸರು ಮುಖ ಮುಖ ನೋಡಿಕೊಂಡರು.

“ಸೋಬಾನ ಅನ್ನದು ಟಾನಿಕ್ಕಲ್ಲ ಕಣಮ್ಮಿ, ಚಮಚದಲ್ಲಿ ಕುಡ್ಸಕ್ಕ” ಎಂದಳು ಪುಟ್ಟಮಾದಮ್ಮ. “ಶುಭಕ್ಕ ಯೋಳದು. ಹಸೆ ಮ್ಯಾಲ ಒಬ್ರು ಕೂತಿರ್ಬೇಕು. ಬರಿ ಹಸೆಗ ಸೋಬಾನ ಯೋಳಂಗಿಲ್ಲ, ಮನೆಗಾಗಲ್ಲ.”

ಬಂದವರನ್ನು ಹಾಗೇ ಕಳಿಸುವುದೂ ಮನೆಗೆ ಆಗದ ವಿಷಯವೇ. ಸುಮ್ಮನೆ ಹೆಸರಿಗೆ ಕೂತುಕೋ ಎಂದು ಅವರಲ್ಲೊಬ್ಬಳು ದಾರಿ ತೋರಿಸಿದಳು. ಇಲ್ಲ ಎನ್ನುವುದಕ್ಕೆ ಬೇಕಾದಷ್ಟು ಧ್ವನಿ ರಂಜಿನಿಯ ಬಳಿ ಇರಲಿಲ್ಲ. ಕ್ಷಣದಲ್ಲಿ ರಂಗೋಲಿ ಬಂತು, ದೇವರ ಮನೆಯ ಮಣೆ ಬಂತು, ಕೆನ್ನೆಗೆ ಅರಿಶಿನ ಬಂತು. ಹೆಸರಿಗಾದರೂ ಒಂದು ಲಕ್ಷಣ ಬೇಡವೇ ಎಂದು ತಲೆಗೆ ಹೂವೂ ಬಂತು. ಹಸೆಯ ಮೇಲೆ ಅವಳು ಮಳೆಗೆ ನೆನೆದ ಕೋಳಿಮರಿಯಂತೆ ಮುದುಡಿ ಕೂತಳು. ಸೋಬಾನೆ ಎದ್ದಿತು.

ಮೂಗಮ್ಮನಿಗೆ ಹೆತ್ತವರು ಯಾಕೆ ಆ ಹೆಸರಿಟ್ಟರೋ, ಹುಟ್ಟಿದಾಗಿನಿಂದ ಅವಳು ಸುಮ್ಮನಿದ್ದದ್ದನ್ನು ಕಂಡವರಿಲ್ಲ. ಸೋಬಾನೆ ಕೇಳಿ ಕಿಟಕಿಗೆ ಬಂದಳು. ಹಸೆ ಕಂಡಿತು. ಅರಿಶಿನ ಕಂಡಿತು. ಹುಡುಗಿಯ ಅಪ್ಪ ಅಮ್ಮನ ಚಪ್ಪಲಿಗಳು ಮಾತ್ರ ಕಾಣಲಿಲ್ಲ. ಗಂಡಿನ ಕಡೆಯವರನ್ನು ಕರೆತರಲು ಹೋಗಿರಬೇಕು. ತಾನು ತಂದ ಸಂಬಂಧ ಇನ್ನೂ ಬಾಯಲ್ಲಿರುವಾಗ ಬೇರೆ ಕಡೆ ಕದ್ದು ಒಪ್ಪಂದ ಮಾಡಿಕೊಂಡರಲ್ಲ ಎಂದು ಅವಳ ಎದೆ ಉರಿಯಿತು. ನಿಂತ ಕಾಲಲ್ಲೇ ಗುಂಡ್ಲುಪೇಟೆಗೆ ಫೋನು ಹಾಕಿದಳು.

“ನೀವು ಯೋಚ್ನ ಮಾಡ್ತಾ ಕೂತಿರಿ ಕುಮಾರಿಯವ್ವ. ಇಲ್ಲಿ ಹುಡ್ಗೀನ ಹಸೆಗ ಕೂರುಸ್ಬುಟ್ರು” ಎಂದಳು.

ಆಮೇಲೆ ಬೀದಿಗೆ ಸುದ್ದಿ ಹಂಚಿದಳು. ಹುಲ್ಲಿನ ಬಣವೆಗೆ ಕಿಡಿ ಬೇಕು, ಆ ಬೀದಿಗೆ ಅದೂ ಬೇಡ. ಒಬ್ಬರು ಆರತಿ ತಟ್ಟೆ ಹಿಡಿದು ಬಂದರು, ಒಬ್ಬರು ಬಾಳೆಹಣ್ಣು ತಂದರು. ಮೊಬೈಲಿನಲ್ಲಿ ಪಟ ತೆಗೆದವರು ಅದನ್ನು ಮಹದೇವಸ್ವಾಮಿಯ ಕಚೇರಿಯವರಿಗೆ ಕಳಿಸಿದರು. ಇದು ಅಜ್ಜಿಗೋಸ್ಕರ ಎಂದು ರಂಜಿನಿ ಬಂದವರಿಗೆಲ್ಲ ತಿಳಿಸಲು ನೋಡಿದಳು. ಮದುಮಗಳು ತುಟಿ ಅಲ್ಲಾಡಿಸಿದರೆ ನಾಚಿಕೆ ಎಂದುಕೊಂಡು ಅವರು ಮೆಚ್ಚಿ ನಕ್ಕರು.

ಸಭೆ ಮುಗಿಸಿ ಬಂದ ನೀಲಾವತಿ ಬಾಗಿಲಲ್ಲೇ ನಿಂತಳು. ಗುಂಡ್ಲುಪೇಟೆಯವರು ಒಪ್ಪಿದ್ದಾರೆ, ಗಂಡ ತನಗೊಂದು ಮಾತೂ ಹೇಳದೆ ಎಲ್ಲ ಏರ್ಪಾಟು ಮಾಡಿದ್ದಾನೆ ಎಂದು ಅವಳು ತೀರ್ಮಾನಿಸಿದಳು. ನೆರೆಯವರ ಮುಂದೆ ಗೊತ್ತಿಲ್ಲ ಎಂದರೆ ಮರ್ಯಾದೆ ಹೋಗುತ್ತದೆ. ಆದ್ದರಿಂದ ಎಲ್ಲ ಗೊತ್ತಿದ್ದವಳ ನಗೆ ನಕ್ಕು, ಸೀರೆ ಬದಲಾಯಿಸಿ, ಪಾಯಸಕ್ಕೆ ಶಾವಿಗೆ ಹುರಿಯಲು ನಿಂತಳು.

ಸ್ವಲ್ಪ ಹೊತ್ತಿಗೆ ಮಹದೇವಸ್ವಾಮಿ ಲಾಡು ಡಬ್ಬಿಯೊಂದಿಗೆ ಬಂದ. ಕಚೇರಿಯವರು ಪಟ ನೋಡಿ ಅಭಿನಂದಿಸಿ, ಸಿಹಿ ತಿನ್ನದೆ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದರು; ಅವರಿಗೆ ಹಂಚಿ ಉಳಿದದ್ದು ಅದು. ಹೆಂಡತಿ ತನಗೆ ತಿಳಿಸದೆ ಗುಂಡ್ಲುಪೇಟೆಯವರೊಂದಿಗೆ ಮಾತು ಮುಗಿಸಿದ್ದಾಳೆ ಎಂದು ಅವನೂ ತೀರ್ಮಾನಿಸಿ ಬಂದಿದ್ದ. ಅವನಿಗೂ ಮರ್ಯಾದೆ ಇತ್ತು. ಗಂಡ ಹೆಂಡತಿ ಅಡುಗೆಮನೆಯಲ್ಲಿ ಎದುರಾದಾಗ, ಎಲ್ಲ ಸರಿಯಾಗಿದೆಯಲ್ಲ ಎಂದು ಅವನು ಕೇಳಿದ. ನಿಮ್ಮ ದಯೆ ಎಂದು ಅವಳು ಚುಚ್ಚಿದಳು. ಅಷ್ಟಕ್ಕೆ ಮಾತು ಮುಗಿಯಿತು.

ಇಷ್ಟೆಲ್ಲ ನಡೆಯುವಾಗ ರಂಜಿನಿ ಹಸೆಯ ಮೇಲಿಂದ ಒಂದೇ ಕಡೆ ನೋಡುತ್ತಿದ್ದಳು. ಪುಟ್ಟಮಾದಮ್ಮನ ಕಂಠ ದೊಡ್ಡದು, ಇಂಪಾದದ್ದು, ಬೀದಿಯ ಕೊನೆಗೂ ಕೇಳುವಂಥದ್ದು. ಅಜ್ಜಿ ಮಾತ್ರ ಗೋಡೆ ನೋಡುತ್ತಿದ್ದಳು. ಬೆರಳು ಕೂಡ ಅಲುಗಲಿಲ್ಲ. ಮಧ್ಯಾಹ್ನದ ಊಟದ ಹೊತ್ತಾಯಿತೆಂದು ನೀಲಾವತಿ ಪಾಯಸದ ಬಟ್ಟಲು ತಂದು ಅತ್ತೆಯ ಬಾಯಿಗೆ ಹಿಡಿದಳು. ತುಟಿಗಳ ಬಾಗಿಲು ಮುಚ್ಚಿಯೇ ಇತ್ತು. ತಾನು ನಂಬಿದ್ದ ಉಪಾಯ ಕಣ್ಣೆದುರೇ ಮುಳುಗುತ್ತಿರುವುದನ್ನು ರಂಜಿನಿ ಅರಿಶಿನದ ಮುಖ ಹೊತ್ತು ನೋಡಿದಳು. ಮದುವೆಯ ಸುಳ್ಳಿನಿಂದ ಹೇಗೋ ಬಿಡಿಸಿಕೊಳ್ಳಬಹುದು. ನಾಳೆ ಅಜ್ಜಿಗೆ ಉಣಿಸುವವರು ಯಾರು?

ಆಗ ಪುಟ್ಟಮಾದಮ್ಮ ಹೆಣ್ಣನ್ನು ಹಸೆಗೆ ಕರೆಯುವ ಪದ ಎತ್ತಿಕೊಂಡಳು. ಮೊದಲೇ ಹೇಳಬೇಕಾದ್ದು, ಗಡಿಬಿಡಿಯಲ್ಲಿ ಬಿಟ್ಟುಹೋಗಿತ್ತು. ಅದರ ಎರಡನೆಯ ಸಾಲಿಗೆ ಅಜ್ಜಿ ಕುತ್ತಿಗೆ ತಿರುಗಿಸಿದಳು. ಗೋಡೆ ಹಿಡಿದು ಎದ್ದಳು. ಜನರ ನಡುವೆ ದಾರಿ ಮಾಡಿಕೊಂಡು ಬಂದು, ರಂಜಿನಿಯ ಭುಜ ಹಿಡಿದು ಪಕ್ಕಕ್ಕೆ ತಳ್ಳಿದಳು.

“ಏಳಮ್ಮಿ. ನನ್ನ ಕರೀತಾವ್ರೆ. ನನ್ ಹಸೆ ಮ್ಯಾಲ ನೀನ್ಯಾಕ ಕೂತಿದ್ದೈ?”

ಸೆರಗು ಸರಿಮಾಡಿಕೊಂಡು ಮಣೆಯ ಮೇಲೆ ಕೂತಳು. ತಲೆ ತಗ್ಗಿಸಿದಳು. ಅವಳ ಮುಖದಲ್ಲಿ ಹೊಸ ಹೆಣ್ಣಿನ ಬಿಗುಮಾನ ಬಂದು ಕೂತಿತು.

ಹಾಡು ನಿಂತುಹೋಯಿತು. ಗಂಡ ಸತ್ತವಳು ಹಸೆಗೆ ಕೂತರೆ ಕೇಡು, ಮೊದಲು ಎಬ್ಬಿಸಿ ಎಂದು ಮೂಗಮ್ಮ ಅವಸರ ಮಾಡಿದಳು. ಪುಟ್ಟಮಾದಮ್ಮ ತೆರೆದ ಬಾಯನ್ನು ಹಾಗೇ ಇಟ್ಟುಕೊಂಡಿದ್ದಳು. ಹೇಳಲೂ ಆರಳು, ಬಿಡಲೂ ಆರಳು. ಬರಿ ಹಸೆಯ ವಿಷಯ ಅವಳಿಗೆ ಗೊತ್ತಿತ್ತು, ಇಂಥ ಹಸೆಯ ವಿಷಯ ಯಾರೂ ಹೇಳಿಕೊಟ್ಟಿರಲಿಲ್ಲ. ಮಹದೇವಸ್ವಾಮಿ ಬಂದು, ಎದ್ದೇಳವ್ವ ಎಂದು ಮೆಲ್ಲಗೆ ತಾಯಿಯ ತೋಳು ಹಿಡಿದ. ಅಜ್ಜಿ ತಲೆ ಎತ್ತಿ ನೋಡಿದಳು. ಯಾಕೆ ಯಾರೂ ಹಾಡುತ್ತಿಲ್ಲ ಎಂದು ಅವಳಿಗೆ ತಿಳಿಯಲಿಲ್ಲ. ತಾನೇನೋ ತಪ್ಪು ಮಾಡಿದ್ದೇನೆ ಎಂಬಷ್ಟು ಮಾತ್ರ ತಿಳಿಯಿತು. ಬಿಗುಮಾನ ಕರಗಿತು, ತುಟಿಗಳು ಮುಚ್ಚಿಕೊಳ್ಳತೊಡಗಿದವು.

ಆ ತುಟಿಗಳನ್ನು ರಂಜಿನಿ ಬಲ್ಲಳು. ಈಗ ಮುಚ್ಚಿದರೆ ಯಾವಾಗ ತೆರೆಯುವುದೋ. ಫ್ಯಾನಿರಲಿಲ್ಲ, ಬಾಗಿಲು ಹಾಕಿರಲಿಲ್ಲ, ಬೀದಿಗೆ ಬೀದಿಯೇ ನಡುಮನೆಯಲ್ಲಿತ್ತು. ಅವಳು ನೆಲಕ್ಕೆ ಬಿದ್ದಲ್ಲೇ ಮಂಡಿಯೂರಿ, ಅಜ್ಜಿಯ ಮುಖಕ್ಕೆ ಮುಖ ಹಿಡಿದು, ಪದವನ್ನು ನಿಂತ ಕಡೆಯಿಂದ ಎತ್ತಿಕೊಂಡಳು. ಮೊದಲ ಸಾಲು ನಡುಗಿತು. ಅವಳದು ಪುಟ್ಟಮಾದಮ್ಮನ ಕಂಠವಲ್ಲ. ಮೊರದಲ್ಲಿ ಅಕ್ಕಿ ಸರಿದಾಡುವಷ್ಟೇ ಸದ್ದು. ಆದರೆ ಅಜ್ಜಿ ಹೇಳಿಕೊಳ್ಳುತ್ತಿದ್ದದ್ದೂ ಹಾಗೆಯೇ.

ಎರಡನೆಯ ಸಾಲನ್ನು ಅಜ್ಜಿ ಹೇಳಿದಳು.

ಒಡೆದ ದನಿ, ಆದರೆ ಒಂದಕ್ಷರವೂ ತಪ್ಪಲಿಲ್ಲ. ಮಗನ ಹೆಸರು ಹೋದ ತಲೆಯಿಂದ ಪದ ಇಡಿಯಾಗಿ ಹೊರಬಂತು. ಮೊಮ್ಮಗಳು ಒಂದು ಸಾಲು, ಅಜ್ಜಿ ಒಂದು ಸಾಲು. ಮೂರನೆಯ ಸುತ್ತಿಗೆ ಪುಟ್ಟಮಾದಮ್ಮನೂ ಕಣ್ಣೊರೆಸಿಕೊಂಡು ಮೆಲ್ಲಗೆ ಸೇರಿಕೊಂಡಳು. ಮೂಗಮ್ಮನಿಗೆ ಜೀವನದಲ್ಲಿ ಮೊದಲ ಸಲ ಹೆಸರು ಒಪ್ಪಿತು. ಸಾಲು ಸಾಲಿನ ನಡುವೆ ರಂಜಿನಿ ಚಮಚದಲ್ಲಿ ಪಾಯಸ ಕೊಟ್ಟಳು, ಅಜ್ಜಿ ನುಂಗಿದಳು, ಮತ್ತೆ ಹೇಳಿದಳು. ಮಾತ್ರೆಯೂ ಅಲ್ಲ ವಿಭೂತಿಯೂ ಅಲ್ಲ ಎಂದು ಗಂಡ ಹೆಂಡತಿಗೆ ಒಟ್ಟಿಗೇ ಹೊಳೆಯಿತು. ತಾಯಿತದ ಬಗ್ಗೆ ಮೂಗಮ್ಮನಿಗೆ ಏನು ಹೊಳೆಯಿತೋ ತಿಳಿಯದು.

ಬಟ್ಟಲು ಖಾಲಿಯಾದಾಗ ಅಜ್ಜಿ ರಂಜಿನಿಯ ಅರಿಶಿನದ ಕೆನ್ನೆ ಸವರಿದಳು. “ಚೆನ್ನಾಗ್ ಯೋಳ್ತೀಯ ಕಣಮ್ಮಿ. ಯಾರ ಮಗ್ಳು ನೀನು?”

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಗುಂಡ್ಲುಪೇಟೆಯ ಕುಮಾರಿ, ಅವಳ ಹಿಂದೆ ಕಾರಿನ ಬೀಗದಕೈ ತಿರುಗಿಸುತ್ತ ಸೋಮೇಶ್. ಉತ್ತರಕ್ಕೆ ಕಾಯದೆ ಮಗಳನ್ನು ಬೇರೆಯವರಿಗೆ ಒಪ್ಪಿಸಿದವರನ್ನು ನಾಲ್ಕು ಜನರ ಮುಂದೆ ಕೇಳಿಯೇ ಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಮಹದೇವಸ್ವಾಮಿ ಲಾಡು ಡಬ್ಬಿ ಹಿಡಿದು, ಬನ್ನಿ ಬನ್ನಿ, ನಿಮಗೇ ಕಾಯುತ್ತಿದ್ದೆವು ಎಂದು ಎದುರುಗೊಂಡ. ನೀಲಾವತಿ ಅವರ ಕಾಲಿಗೆ ನೀರು ತಂದಳು. ಜೋಡಿಸಿದ ಮಾತೆಲ್ಲ ಕುಮಾರಿಗೆ ಮರೆತುಹೋಯಿತು. ಅವಳು ರಂಜಿನಿಯನ್ನೇ ನೋಡುತ್ತಿದ್ದಳು.

“ಹಾಡು ಬರಲ್ಲ ಅಂದಿದ್ದಲ್ಲವ್ವ” ಎಂದಳು.

ರಂಜಿನಿಯ ತಲೆ ಎದೆಗೆ ತಾಗಿತು. ಸುಳ್ಳು ಹೇಳಿದ ಹುಡುಗಿಯನ್ನು ಯಾರು ಒಪ್ಪುತ್ತಾರೆ? ಮುಗಿಯಿತು ಎಂದು ನೀಲಾವತಿ ಹಣೆ ಒತ್ತಿಕೊಂಡಳು. ಮುಗಿಯಿತು ಎಂದು ರಂಜಿನಿಗೂ ಅನಿಸಿತು. ಆದರೆ ಅವಳಿಗೆ ಹಗುರವಾದಂತೆ ಅನಿಸಿತು.

ಕುಮಾರಿ ಅವಳ ಪಕ್ಕದಲ್ಲಿ ಬಂದು ಕೂತಳು. “ನಮ್ ಮಾವ ದೊಡ್ಡಮಾದಯ್ಯನೋರೂ ಹಿಂಗೇಯ. ಬಾಯಿ ಬುಡಲ್ಲ. ಎದ್ರುಗ ಕೂತು ಹಾಡೋರಿದ್ರ ಉಣ್ಬೋದು ಅಂದ್ರು ಡಾಕ್ಟ್ರು. ನಮ್ಮನೇಲಿ ಒಬ್ರುಗೂ ದನಿ ಇಲ್ಲ, ಈ ಸೋಮೇಶ ಹಾಡುದ್ರ ಎಮ್ಮೇನೂ ಹಗ್ಗ ಕಿತ್ಕಂಡೋಯ್ತದ. ಅದುಕ್ಕೇ ಹೋದ್ ಕಡೆಲೆಲ್ಲ ಅದೊಂದೇ ಮಾತು ಕೇಳಿದ್ದು. ನಿಂಗ ಬರಲ್ಲ ಅಂದ ಮ್ಯಾಲ ಸುಮ್ನಾಗ್ಬುಟ್ಟಿದ್ದು.” ಮಹದೇವಸ್ವಾಮಿಯ ಕಡೆ ತಿರುಗಿದಳು. “ಇನ್ನು ಯೋಚ್ನ ಯಾತರುದು? ನಮುಗ ಒಪ್ಗ.”

ಒಪ್ಪಿಗೆ ಆಗಲೇ ಆಗಿದೆ ಎಂದುಕೊಂಡಿದ್ದ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಆದರೆ ಈಗ ಬಿಡಿಸಿ ಕೇಳುವ ಹೊತ್ತಲ್ಲ. ಲಾಡು ಡಬ್ಬಿ ತೆರೆಯಿತು. ಮೂಗಮ್ಮನಿಗೆ ದನಿ ಮರಳಿತು. ಎಲ್ಲ ತನ್ನ ಫೋನಿನಿಂದ ಆದದ್ದು ಎಂದು ಬಂದವರಿಗೆಲ್ಲ ವಿವರಿಸತೊಡಗಿದಳು. ರಂಜಿನಿಯನ್ನು ಹಿಡಿದೆತ್ತಿ ಅಜ್ಜಿಯ ಪಕ್ಕದಲ್ಲಿ, ಅದೇ ಮಣೆಯ ಉಳಿದ ಅಂಚಿನ ಮೇಲೆ, ಈ ಸಲ ನಿಜವಾಗಿಯೂ ಕೂರಿಸಿದರು. ಒಬ್ಬ ಅಜ್ಜಿಗೆ ಹಾಡಲು ಬೇರೆಯವರನ್ನು ಹುಡುಕಹೋದವಳಿಗೆ ಇನ್ನೊಬ್ಬ ಅಜ್ಜ ಗಂಟುಬಿದ್ದಿದ್ದ. ಇಲ್ಲಿಯ ಅಜ್ಜಿಯನ್ನು ಏನು ಮಾಡುವುದು ಎಂದು ಯಾರೂ ಕೇಳಲಿಲ್ಲ. ಪುಟ್ಟಮಾದಮ್ಮ ಗಂಟಲು ತೇವ ಮಾಡಿಕೊಂಡು ಪದ ಎತ್ತುವಷ್ಟರಲ್ಲಿ ಮಲ್ಲಿಗಮ್ಮ ಕೈ ತೋರಿಸಿ ತಡೆದಳು.

“ಯಾರ ಮದ್ವ ಇದು?”

ನಿಮ್ಮ ಮೊಮ್ಮಗಳು ರಂಜಿನಿಯದು ಎಂದು ಮೂಗಮ್ಮ ಕಿವಿಯ ಹತ್ತಿರ ಕೂಗಿದಳು. ಅಜ್ಜಿ ಆ ಹೆಸರನ್ನು ಬಾಯಲ್ಲಿ ಹೊರಳಿಸಿ ನೋಡಿದಳು. ಎಲ್ಲಿಯೂ ಸಿಕ್ಕಲಿಲ್ಲ.

“ಅವ್ಳು ಒಪ್ಪವ್ಳಾ?”

ಮಹದೇವಸ್ವಾಮಿ ಹೆಂಡತಿಯನ್ನು ನೋಡಿದ, ನೀಲಾವತಿ ಗಂಡನನ್ನು ನೋಡಿದಳು. ಕುಮಾರಿ ಕೈಯಲ್ಲಿದ್ದ ಲಾಡು ನೋಡಿದಳು. ಸೋಮೇಶನ ಬೀಗದಕೈ ನಿಂತಿತು. ಅಜ್ಜಿ ಪಕ್ಕದಲ್ಲಿದ್ದ, ಚೆನ್ನಾಗಿ ಪದ ಹೇಳುವ, ಯಾರ ಮಗಳೋ ತಿಳಿಯದ ಆ ಹುಡುಗಿಯ ಕೈ ಹಿಡಿದು ಗುಟ್ಟಿನಲ್ಲಿ ಕೇಳಿದಳು.

“ನಿಂಗೊತ್ತಾ ಅಮ್ಮಿ? ಆ ಹೆಣ್ಮಗ ಒಪ್ಪವ್ಳಾ?”

ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿರಲಿಲ್ಲ. ರಂಜಿನಿ ಕಾಲ್ಬೆರಳನ್ನು ನೋಡಲಿಲ್ಲ, ಅಜ್ಜಿಯ ಮುಖವನ್ನು ನೋಡಿದಳು. ತನ್ನನ್ನು ಗುರುತಿಸದ ಆ ಕಣ್ಣುಗಳಿಗೆ ಏನು ಹೇಳಿದರೂ ಸಲ್ಲುತ್ತದೆ ಎನಿಸಿತು.

“ಇಲ್ಲ ಅಜ್ಜಿ” ಎಂದಳು, ಬಾಗಿಲಲ್ಲಿ ನಿಂತವರಿಗೂ ಕೇಳಿಸುವಷ್ಟು ಬಿಡಿಸಿ. “ಅವ್ಳು ಒಪ್ಪಿಲ್ಲ.”